ಒಂದೇ ಬಾಣಲೆಯಲ್ಲಿ ರಾತ್ರಿ ಊಟ, ಮಕ್ಕಳೂ ತಿನ್ನಬೇಕು: ನೀವೆಲ್ಲ ಏನು ಮಾಡುತ್ತೀರಿ?

ಮಳೆಮನೆ
ಕೊಡಗಿನ ಸುಂಟಿಕೊಪ್ಪದ ಕಡೆಯವಳು ನಾನು. ಮನೆಯಲ್ಲಿ ಐದು ಜನ. ನಾವಿಬ್ಬರು, ಅತ್ತೆ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಕೆಲಸ ಮುಗಿಸಿ, ಬಸ್ ಇಳಿದು ಮನೆ ಸೇರುವಾಗ ಆರೂವರೆ ಆಗಿರುತ್ತದೆ. ಈ ಮಳೆಯಲ್ಲಿ ಅಷ್ಟೊತ್ತಿಗೆ ಕರೆಂಟ್ ಇರುವುದಿಲ್ಲ, ಅಂದರೆ ಮಿಕ್ಸಿಯೂ ಇಲ್ಲ. ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು ಪಾತ್ರೆ ಇಟ್ಟು, ಆಮೇಲೆ ಟಾರ್ಚ್ ಬೆಳಕಿನಲ್ಲಿ ತಣ್ಣೀರಲ್ಲಿ ಎಲ್ಲ ತೊಳೆಯುವುದು ಸಾಕಾಗಿದೆ.

ಒಂದೇ ಬಾಣಲೆಯಲ್ಲಿ ಮುಗಿಯುವ ಊಟ ಹೇಳಿ. ತೊಡಕು ಏನಂದರೆ, ಮಗನಿಗೆ ಖಾರ ಆಗುವುದಿಲ್ಲ. ಮಗಳು ಹಸಿರು ಕಂಡರೆ ತಟ್ಟೆ ದೂಡುತ್ತಾಳೆ. ಯಜಮಾನರಿಗೆ ಖಾರ ಇಲ್ಲದಿದ್ದರೆ ಅದು ಊಟವೇ ಅಲ್ಲ. ಅತ್ತೆಗೆ ಮೆತ್ತಗೆ ಬೇಕು. ಕೋಳಿ, ಮೊಟ್ಟೆ ಎಲ್ಲ ನಡೆಯುತ್ತದೆ. ಮ್ಯಾಗಿ ಅಂತ ಬರೆಯಬೇಡಿ.

ಊರುಬಿಟ್ಟವ
ಮ್ಯಾಗಿ.

ಒಗ್ಗರಣೆ ರಾಣಿ
ಮೇಲಿನವರನ್ನು ಬಿಡಿ. ನಾನು ವಾರಕ್ಕೊಮ್ಮೆ ಮಾಡುವ ಕೋಳಿ ಅನ್ನ ಹೇಳುತ್ತೇನೆ. ಅರೆಯುವ ಕೆಲಸ ಇಲ್ಲ.

ಎರಡು ಲೋಟ ಸೋನಾ ಮಸೂರಿ ತೊಳೆದು ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಅಷ್ಟರಲ್ಲಿ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಬನ್ನಿ. ಅಗಲವಾದ ದಪ್ಪ ತಳದ ಬಾಣಲೆಗೆ ಎರಡು ಚಮಚ ತುಪ್ಪ, ಒಂದು ಚೂರು ಚಕ್ಕೆ, ಎರಡು ಲವಂಗ. ಉದ್ದಕ್ಕೆ ಹೆಚ್ಚಿದ ಮೂರು ಈರುಳ್ಳಿ ಕೆಂಪಗೆ ಹುರಿಯಿರಿ. ಇದರಲ್ಲಿ ಅವಸರ ಬೇಡ, ಮಕ್ಕಳಿಗೆ ಬೇಕಾದ ಸಿಹಿ ರುಚಿ ಬರುವುದೇ ಈರುಳ್ಳಿಯಿಂದ. ಜಜ್ಜಿದ ಶುಂಠಿ ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಒಂದು ಟೊಮೆಟೊ. ಆಮೇಲೆ ಅರ್ಧ ಕಿಲೋ ಮೂಳೆ ಇಲ್ಲದ ಕೋಳಿ, ಸಣ್ಣ ತುಂಡು ಮಾಡಿದ್ದು. ಉಪ್ಪು ಹಾಕಿ, ಹೊರಗೆಲ್ಲ ಬಿಳಿ ಆಗುವವರೆಗೆ ಬಾಡಿಸಿ. ನೀರು ಬಸಿದ ಅಕ್ಕಿ ಹಾಕಿ ಒಂದು ಸಲ ತಿರುವಿ, ನಾಲ್ಕು ಲೋಟ ಬಿಸಿನೀರು ಹುಯ್ಯಿರಿ. ಅತ್ತೆಗೆ ಮೆತ್ತಗೆ ಬೇಕಾದರೆ ಇನ್ನರ್ಧ ಲೋಟ.

ಮುಚ್ಚದೆ ಕುದಿಸಿ. ನೀರು ಇಳಿದು ಅಕ್ಕಿಯ ಮಟ್ಟಕ್ಕೆ ಬಂದಾಗ ಉರಿ ಪೂರ್ತಿ ಸಣ್ಣ ಮಾಡಿ, ಬಿಗಿಯಾಗಿ ಮುಚ್ಚಿ. ಹನ್ನೆರಡು ನಿಮಿಷ. ಆರಿಸಿ, ಹತ್ತು ನಿಮಿಷ ತೆಗೆಯಬೇಡಿ. ಈ ಹತ್ತು ನಿಮಿಷವೇ ಮುಖ್ಯ. ಮಧ್ಯೆ ಮಧ್ಯೆ ತೆಗೆದು ಕೆದಕುವವರಿಗೆ ಅನ್ನ ಮುದ್ದೆ ಆಗುತ್ತದೆ.

ಖಾರ? ಒಂದು ಚೂರೂ ಹಾಕಿಲ್ಲ ನೋಡಿ. ಮಕ್ಕಳಿಗೆ, ಅತ್ತೆಗೆ ಬಡಿಸಿದ ಮೇಲೆ ಬಾಣಲೆಯಲ್ಲಿ ಉಳಿದದ್ದಕ್ಕೆ ಕುಟ್ಟಿದ ಒಳ್ಳೆಮೆಣಸು, ಸೀಳಿದ ಹಸಿಮೆಣಸು, ನಿಂಬೆಹುಳಿ ಹಾಕಿ ಒಂದು ನಿಮಿಷ ಬಿಸಿ ಮಾಡಿ. ಯಜಮಾನರ ಊಟ ತಯಾರು.

ಬೆಟ್ಟದ ಗಾಳಿ
ಇದು ಸರಿಯಾದ ಉಪಾಯ. ನಮ್ಮ ಕಡೆ ಮಸಾಲೆ ಅಡುಗೆಯ ಕ್ರಮವೂ ಹೀಗೇ ಅಲ್ವಾ? ಪಂದಿಕರಿಯಲ್ಲಿ, ಅಂದರೆ ಹಂದಿ ಮಾಂಸದ ಅಡುಗೆಯಲ್ಲಿ, ಹುರಿದು ಪುಡಿ ಮಾಡಿದ ಮಸಾಲೆ, ಹುಳಿಗೆ ಹಾಕುವ ಕಾಚಂಪುಳಿ ಎರಡೂ ಕೊನೆಗೇ ಬೀಳುವುದು. ಅದಕ್ಕೆ ಮುಂಚೆ ಮಕ್ಕಳ ಪಾಲು ತೆಗೆದಿಟ್ಟರೆ ಆಯಿತು. ಮೆಣಸಿನ ಪುಡಿಯನ್ನು ಎಣ್ಣೆಗೇ ಹಾಕಿ ಶುರು ಮಾಡುವ ಅಡುಗೆಯಲ್ಲಿ ಈ ದಾರಿ ಇಲ್ಲ.

ಗೋಣಿಕೊಪ್ಪದವಳು
ನಾಟಿ ಕೋಳಿ ಹಾಕಿ ಈ ಅನ್ನ ಮಾಡಲು ಹೋಗಬೇಡಿ ಮತ್ತೆ. ಅಕ್ಕಿ ಬೆಂದು ಕರಗಿದರೂ ಕೋಳಿ ಹಲ್ಲಿಗೆ ಬಗ್ಗುವುದಿಲ್ಲ. ಫಾರಂ ಕೋಳಿಯೇ ಸರಿ.

ಏಲಕ್ಕಿ ಅಜ್ಜ
ನಾನು ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ. ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಅಂತ ಯಾಕೆ? ನಾವು ಚಿಕ್ಕವರಿದ್ದಾಗ ಒಂದೇ ಪಾತ್ರೆ, ಒಂದೇ ಸಾರು. ಖಾರ ಆದರೆ ನೀರು ಕುಡಿಯುತ್ತಿದ್ದೆವು. ಈಗ ಮಗುವಿನ ಮುಖ ನೋಡಿ ಅಡುಗೆ ಮಾಡುವ ಕಾಲ ಬಂದಿದೆ.

ಒಗ್ಗರಣೆ ರಾಣಿ
ಅಜ್ಜ, ಅಡುಗೆ ಒಂದೇ. ಬಡಿಸುವ ಹೊತ್ತು ಬೇರೆ, ಅಷ್ಟೇ. ನಾಲ್ಕು ವರ್ಷದ ಮಗುವಿಗೆ ಸೂಜಿಮೆಣಸಿನ ಅಭ್ಯಾಸ ಮಾಡಿಸಿ ಯಾರಿಗೆ ಏನು ಲಾಭ?

ಏಲಕ್ಕಿ ಅಜ್ಜ
ಸೂಜಿಮೆಣಸು ಅಂತ ನಾನು ಹೇಳಲಿಲ್ಲ.

ಮಡಿಕೇರಿ ದಾದಿ
ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಹುರುಳಿದೆ. ಖಾರ ಬಲವಂತ ಮಾಡಬಾರದು, ನಿಜ. ಆದರೆ ಮಗುವಿಗೆ ಅಂತಲೇ ಪ್ರತಿ ರಾತ್ರಿ ಬೇರೆ ಬಿಳಿ ಅನ್ನ, ಮೊಸರು ಕೊಟ್ಟರೆ ಅದು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಎಲಿನ್ ಸ್ಯಾಟರ್ ಅಂತ ಅಮೆರಿಕದ ಆಹಾರ ತಜ್ಞೆ ಒಬ್ಬರಿದ್ದಾರೆ. ಅವರು ಹೇಳುವುದು ಸರಳ. ಏನು, ಯಾವಾಗ, ಎಲ್ಲಿ ತಿನ್ನಬೇಕು ಅನ್ನುವುದು ದೊಡ್ಡವರ ಲೆಕ್ಕ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಅನ್ನುವುದು ಮಗುವಿನ ಲೆಕ್ಕ. ತಟ್ಟೆಗೆ ಹಾಕಿ, ಸುಮ್ನೆ ಇರಿ. ಹೊಸ ರುಚಿಯನ್ನು ಮಕ್ಕಳು ಒಪ್ಪಲು ಹತ್ತು ಹದಿನೈದು ಸಲ ಕಾಣಿಸಿಕೊಳ್ಳಬೇಕಾಗಬಹುದು. ಎರಡು ಸಲಕ್ಕೇ ಕೈ ಬಿಡುತ್ತೇವೆ ನಾವು.

ಇನ್ನೊಂದು ವಿಷಯ. ನಾಲ್ಕು ವರ್ಷದವನ ತಟ್ಟೆಯಲ್ಲಿ ಇಡೀ ಒಳ್ಳೆಮೆಣಸಿನ ಕಾಳು, ಲವಂಗ, ಮೂಳೆ ಚೂರು ಉಳಿಯದ ಹಾಗೆ ನೋಡಿಕೊಳ್ಳಿ. ಕರೆಂಟ್ ಇಲ್ಲದ ಕತ್ತಲಲ್ಲಿ ಕಾಣುವುದಿಲ್ಲ.

ಕಾಫಿಕಣ
ಮಳೆಮನೆ ಅಕ್ಕ, ಒಂದು ಕೇಳಲಾ? ಮಕ್ಕಳು ಸ್ಕೂಲಿಂದ ಬಂದು ನಾಲ್ಕೂವರೆಯಿಂದ ಆರೂವರೆವರೆಗೆ ಏನು ತಿನ್ನುತ್ತಾರೆ?

ಮಳೆಮನೆ
ಅತ್ತೆ ಬಿಸ್ಕೆಟ್, ಬೇಕರಿ ಬನ್ನು, ಮಿಕ್ಸ್ಚರ್ ಏನಾದರೂ ಕೊಡುತ್ತಾರೆ. ಮಳೆಯಲ್ಲಿ ಹಸಿವು ಜಾಸ್ತಿ ಅಂತಾರೆ.

ಕಾಫಿಕಣ
ಹಾಂ, ಅಲ್ಲೇ ಇದೆ ನೋಡಿ ಕಳ್ಳ. ನಾಲ್ಕೂವರೆಗೆ ಬನ್ನು ಬಿಸ್ಕೆಟ್ ತಿಂದ ಹೊಟ್ಟೆಗೆ ಏಳೂವರೆಗೆ ನೀವು ಏನು ಮಾಡಿಟ್ಟರೂ ಬೇಡ. ನಮ್ಮಲ್ಲಿ ಸಂಜೆಗೆ ಬೆಣ್ಣೆಹಣ್ಣು ಕಿವುಚಿ ಹಾಲು ಬೆಲ್ಲ ಹಾಕಿ ಕೊಡುತ್ತೇವೆ, ಅಥವಾ ಬಾಳೆಹಣ್ಣು. ಮಳೆಗಾಲದಲ್ಲಿ ಹಿತ್ತಲಲ್ಲೇ ಉದುರುತ್ತದೆ ಬೆಣ್ಣೆಹಣ್ಣು, ಬೆಂಗಳೂರಿನವರು ಒಂದೊಂದಕ್ಕೆ ದುಡ್ಡು ಕೊಟ್ಟು ತಿನ್ನುತ್ತಾರೆ.

ಊರುಬಿಟ್ಟವ
ಕೊಡುತ್ತೇವೆ. ನಿನ್ನೆಯೇ ಕೊಟ್ಟೆ. ನೆನಪಿಸಿ ಹೊಟ್ಟೆ ಉರಿಸಬೇಡಿ.

ಮಳೆಮನೆ
ಅತ್ತೆಗೆ ನಾನು ಇದನ್ನು ಹೇಳುವುದು ಹೇಗೆ? ಅದಕ್ಕೂ ಒಂದು ರೆಸಿಪಿ ಕೊಡಿ.

ಗೋಣಿಕೊಪ್ಪದವಳು
ಹೇಳಬೇಡಿ. ಬಿಸ್ಕೆಟ್ ತರುವುದು ನಿಲ್ಲಿಸಿ. ಡಬ್ಬಿ ಖಾಲಿ ಇದ್ದರೆ ಅವರೇ ಬಾಳೆಹಣ್ಣು ಕೊಡುತ್ತಾರೆ.

ಸಂಪಾಜೆ ಭಾವ
ಎಲ್ಲ ಸರಿ ಮಾರಾಯ್ರೆ, ಯಜಮಾನರು ಆರೂವರೆವರೆಗೆ ಏನು ಮಾಡುತ್ತಿರುತ್ತಾರೆ ಅಂತ ಯಾರೂ ಕೇಳಲೇ ಇಲ್ಲವಲ್ಲ? ಖಾರ ಇಲ್ಲದಿದ್ದರೆ ಊಟ ಅಲ್ಲ ಅನ್ನುವವರು ಅಕ್ಕಿ ನೆನೆಸಿಡಬಹುದು. ಈರುಳ್ಳಿ ಹೆಚ್ಚಬಹುದು. ನಾನು ಮಾಡುತ್ತೇನೆ. ಅದರಲ್ಲೇನು ದೊಡ್ಡಸ್ತಿಕೆ ಇಲ್ಲ.

ಬೆಟ್ಟದ ಗಾಳಿ
ದೊಡ್ಡಸ್ತಿಕೆ ಇಲ್ಲ ಅಂತ ಹೇಳುವುದಕ್ಕೇ ಬಂದು ಬರೆದಿರಿ ನೋಡಿ, ಅದು.

ಮಳೆಮನೆ
ಅವರು ತೋಟದಲ್ಲಿರುತ್ತಾರೆ. ಈಗ ಗಿಡದ ಕೊಂಬೆ ಕಪಾತು ಮಾಡುವುದು, ಬೋರ್ಡೋ ಔಷಧಿ ಹೊಡೆಸುವುದು ಅಂತ ಮಳೆ ಬಿಟ್ಟ ಹೊತ್ತಿಗೆಲ್ಲ ಓಡುತ್ತಾರೆ. ಆದರೆ ಆರು ಗಂಟೆಗೆ ಮನೆಯಲ್ಲೇ ಇರುತ್ತಾರೆ ಅನ್ನುವುದೂ ನಿಜ. ಇದನ್ನು ಅವರಿಗೆ ಓದಿ ಹೇಳಿದೆ. "ಅಕ್ಕಿ ನೆನೆಸುವುದು ನನ್ನ ಜವಾಬ್ದಾರಿ" ಅಂದರು. ನೋಡೋಣ.

ಒಣಮೀನು ಪ್ರಿಯ
ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಉಳಿದಿದ್ದರೆ ಅದಕ್ಕಿಂತ ಸುಲಭ ಇನ್ನೊಂದಿಲ್ಲ. ಬೆಳಿಗ್ಗೆ ಒತ್ತುವಾಗ ನಾಲ್ಕು ಜಾಸ್ತಿ ಒತ್ತಿ ಫ್ರಿಜ್‌ನಲ್ಲಿಡಿ. ರಾತ್ರಿ ಕೈಯಲ್ಲಿ ಉದುರಿಸಿ. ಬಾಣಲೆಗೆ ಎಣ್ಣೆ, ಸಾಸಿವೆ, ಕರಿಬೇವು, ಈರುಳ್ಳಿ, ತುರಿದ ಕ್ಯಾರೆಟ್. ಒಂದು ಬದಿಗೆ ಸರಿಸಿ ಖಾಲಿ ಜಾಗದಲ್ಲಿ ನಾಲ್ಕು ಮೊಟ್ಟೆ ಒಡೆದು ಕಲಕಿ. ಮೊಟ್ಟೆ ಗಟ್ಟಿ ಆದ ಮೇಲೆ ನೂಪುಟ್ಟು ಸೇರಿಸಿ, ನೀರು ಚಿಮುಕಿಸಿ ಮುಚ್ಚಿ, ಎರಡು ನಿಮಿಷ. ಮಕ್ಕಳಿಗೆ ಇದು ನೂಡಲ್ಸ್. ನಾವೂ ಹಾಗೇ ಕರೆಯುತ್ತೇವೆ, ಮನೆಯಲ್ಲಿ ಜಗಳ ಇಲ್ಲ.

ದೊಡ್ಡವರಿಗೆ ಪಕ್ಕಕ್ಕೆ ಒಣಮೀನು. ಮಳೆ, ಗಂಜಿ, ಸುಟ್ಟ ಒಣಮೀನು ಅಂದರೆ… ಬೇಡ, ವಿಷಯ ಬದಲಾಗುತ್ತದೆ.

ಊರುಬಿಟ್ಟವ
ಬದಲಾಗಲಿ, ಬದಲಾಗಲಿ.

ಏಲಕ್ಕಿ ಅಜ್ಜ
ಒಣಮೀನು ಕೆಂಡದಲ್ಲಿ ಸುಡಬೇಕು. ಗ್ಯಾಸ್ ಮೇಲೆ ಸುಟ್ಟರೆ ರುಚಿ ಅರ್ಧ.

ಒಣಮೀನು ಪ್ರಿಯ
ಅಜ್ಜ, ಈ ಮಳೆಯಲ್ಲಿ ಒಣ ಸೌದೆ ನಿಮ್ಮ ಮನೆಯಲ್ಲಿ ಮಾತ್ರ ಇರಬೇಕು.

ಹಸಿರು ತಟ್ಟೆ
ನಾವು ಸಸ್ಯಾಹಾರಿಗಳು, ಸೋಮವಾರಪೇಟೆ. ಇಲ್ಲಿ ಎಲ್ಲ ಕೋಳಿ ಮೊಟ್ಟೆ ಮೀನು ಆಯಿತು. ನನ್ನದು ಸಿಹಿಕುಂಬಳದ ಅನ್ನ. ಒಂದೂವರೆ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ಒಟ್ಟಿಗೆ ತೊಳೆದು ನೆನೆಸಿ. ಸಿಹಿಕುಂಬಳ ಸಿಪ್ಪೆ ತೆಗೆದು ಸಣ್ಣಗೆ ತುರಿದು ತುಪ್ಪದಲ್ಲಿ ಜೀರಿಗೆ ಜೊತೆ ಹುರಿಯಿರಿ. ಅಕ್ಕಿ ಬೇಳೆ ಹಾಕಿ, ಏಳು ಲೋಟ ನೀರು, ಅರಿಶಿನ, ಉಪ್ಪು. ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಆಗಾಗ ತಳ ಕೆದಕಬೇಕು. ಕುಂಬಳ ಪೂರ್ತಿ ಕರಗಿ ಹಳದಿ ಬಣ್ಣ ಮಾತ್ರ ಉಳಿಯುತ್ತದೆ. ತರಕಾರಿ ಎಲ್ಲಿದೆ ಅಂತ ಮಗಳು ಹುಡುಕಿದರೂ ಸಿಗುವುದಿಲ್ಲ. ಅತ್ತೆಗೂ ಮೆತ್ತಗೆ. ಮೇಲೆ ತೆಂಗಿನ ತುರಿ.

ದೊಡ್ಡವರಿಗೆ ಉಪ್ಪಿನಕಾಯಿ ಸಾಕು. ಬಾಣಲೆಗೆ ಮತ್ತೆ ಕೈ ಹಾಕುವ ಕೆಲಸವೂ ಇಲ್ಲ.

ಮಡಿಕೇರಿ ದಾದಿ
ಚೆನ್ನಾಗಿದೆ. ಆದರೆ ಯಾವಾಗಲೂ ತರಕಾರಿ ಅಡಗಿಸಿಯೇ ಕೊಟ್ಟರೆ ಆ ಹುಡುಗಿಗೆ ಕುಂಬಳ ಅಂದರೆ ಏನು ಅಂತಲೇ ಗೊತ್ತಾಗುವುದಿಲ್ಲ. ಅಡಗಿಸಿದ್ದರ ಜೊತೆಗೆ ಎರಡು ತುಂಡು ಕಾಣುವ ಹಾಗೆ ಬಿಡಿ. ತಿನ್ನದಿದ್ದರೂ ಪರವಾಗಿಲ್ಲ.

ಹಸಿರು ತಟ್ಟೆ
ನಿಮ್ಮ ಮನೆಯಲ್ಲಿ ಒಂಬತ್ತು ವರ್ಷದವರು ಇದ್ದಾರಾ? ನಮ್ಮಲ್ಲಿ ಎರಡು ತುಂಡು ಕಂಡರೆ ಪೂರ್ತಿ ತಟ್ಟೆ ವಾಪಸ್ ಬರುತ್ತದೆ. ಮೊದಲು ಹೊಟ್ಟೆ ತುಂಬಲಿ, ಪರಿಚಯ ಆಮೇಲೆ.

ಮಡಿಕೇರಿ ದಾದಿ
ಇದ್ದಾರೆ, ಇಬ್ಬರು. ಅದಕ್ಕೇ ಹೇಳಿದೆ.

ಗೋಣಿಕೊಪ್ಪದವಳು
ಹಸಿರು ಬೇಡ ಅನ್ನುವ ಮಗಳಿಗೆ ನೇರಳೆ ಕೊಡಿ! ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿದಾಗ ನಮ್ಮ ಮಕ್ಕಳು ಪಾತ್ರೆ ನೆಕ್ಕುತ್ತಾರೆ. ಅದೂ ಸೊಪ್ಪೇ ತಾನೆ? ಬಣ್ಣ ನೇರಳೆ ಆದ ಕೂಡಲೇ ಸೊಪ್ಪು ಅಲ್ಲ. ಅದೂ ಒಂದೇ ಪಾತ್ರೆಯ ಅಡುಗೆ. ಸೊಪ್ಪು ಕುದಿಸಿ ಸೋಸಿದ ನೀರಿನಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ.

ಕಾಫಿಕಣ
ನಮ್ಮ ಮನೆಯವನು ತಿನ್ನುವುದು ರುಚಿಗಲ್ಲ. ಮಾರನೆ ದಿನ ಉಚ್ಚೆ ಕೆಂಪಗೆ ಹೋಗುತ್ತದೆ ಅಂತ ಕ್ಲಾಸಲ್ಲೆಲ್ಲ ಹೇಳಿಕೊಂಡು ತಿರುಗುವುದಕ್ಕೆ.

ಊರುಬಿಟ್ಟವ
ಬೆಂಗಳೂರಲ್ಲಿ ಒಂದು ಸಲ ಮಾಡಿ, ಹೆಂಡತಿಗೆ ಮೊದಲೇ ಈ ವಿಷಯ ಹೇಳದೆ… ಆ ಕಥೆ ಬೇಡ ಬಿಡಿ.

ಮಳೆಮನೆ
ನಗು ಬಂತು. ಆದರೆ ಅದು ಆಗಸ್ಟ್ ಮೂರಕ್ಕೆ. ನನಗೆ ನಾಳೆಗೆ ಬೇಕು!

ಇನ್ನೊಂದು ಪ್ರಶ್ನೆ. ನನ್ನ ಹತ್ತಿರ ಒಂದು ಹಳೆಯ ಕಬ್ಬಿಣದ ಬಾಣಲೆ, ಒಂದು ನಾನ್‌ಸ್ಟಿಕ್ ಇದೆ. ಯಾವುದರಲ್ಲಿ ಮಾಡಲಿ?

ಬೆಟ್ಟದ ಗಾಳಿ
ಕಬ್ಬಿಣ. ಕಣ್ಣು ಮುಚ್ಚಿ.

ಒಗ್ಗರಣೆ ರಾಣಿ
ಕಣ್ಣು ಬಿಟ್ಟು ಕೇಳಿ. ಹುರಿಯುವುದಕ್ಕೆ, ಮೊಟ್ಟೆಗೆ, ನೂಪುಟ್ಟು ಒಗ್ಗರಣೆಗೆ ಕಬ್ಬಿಣ ಬಹಳ ಒಳ್ಳೆಯದು. ಆದರೆ ಟೊಮೆಟೊ, ಹುಣಸೆ, ಕಾಚಂಪುಳಿ ಹಾಕಿ ಹೊತ್ತು ಬೇಯಿಸುವುದಕ್ಕೆ ಅಲ್ಲ. ಹುಳಿ ಕಬ್ಬಿಣವನ್ನು ಎಳೆಯುತ್ತದೆ. ಬಣ್ಣ ಕಪ್ಪಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಅನ್ನ ಬಿಳಿಯಾಗಿಲ್ಲ ಅಂತ ಮಕ್ಕಳು ಅದಕ್ಕೂ ಮೂಗು ಮುರಿಯುತ್ತಾರೆ. ಕೋಳಿ ಅನ್ನವನ್ನು ಕಬ್ಬಿಣದಲ್ಲಿ ಮಾಡುವುದಾದರೆ ಟೊಮೆಟೊ ಬಿಡಿ. ನಿಂಬೆಹುಳಿಯನ್ನು ಬಾಣಲೆಗಲ್ಲ, ತಟ್ಟೆಗೇ ಹಿಂಡಿ.

ಬೆಟ್ಟದ ಗಾಳಿ
ಕಬ್ಬಿಣದ ಅಂಶ ಸ್ವಲ್ಪ ಊಟಕ್ಕೆ ಸೇರಿದರೆ ಮಕ್ಕಳಿಗೆ ಒಳ್ಳೆಯದೇ ಅಲ್ವಾ?

ಮಡಿಕೇರಿ ದಾದಿ
ಸೇರುತ್ತದೆ, ಒಳ್ಳೆಯದೇ. ತಟ್ಟೆಗೆ ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ವಿಟಮಿನ್ ಸಿ ಇದ್ದರೆ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಆದರೆ ನಮ್ಮ ಊರಿನಲ್ಲಿ ಅದನ್ನು ಕೆಡಿಸುವ ಅಭ್ಯಾಸ ಒಂದಿದೆ. ಊಟದ ಜೊತೆಗೆ ಮಕ್ಕಳಿಗೂ ಒಂದು ಲೋಟ ಬೆಲ್ಲದ ಕಾಫಿ. ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ದೊಡ್ಡವರು ಕುಡಿಯುವುದಾದರೆ ಊಟಕ್ಕೂ ಕಾಫಿಗೂ ಒಂದು ಗಂಟೆ ಬಿಡುವು ಇರಲಿ. ನಾಲ್ಕು ವರ್ಷದವನಿಗೆ ಬೇಡವೇ ಬೇಡ.

ಏಲಕ್ಕಿ ಅಜ್ಜ
ಕೊಡಗಿನಲ್ಲಿ ಕೂತು ಕಾಫಿ ಬೇಡ ಅನ್ನುತ್ತೀರಲ್ಲ ತಾಯಿ! ಬೆಲ್ಲದಲ್ಲೇ ಕಬ್ಬಿಣ ಇದೆ ಅನ್ನುತ್ತಾರೆ.

ಮಡಿಕೇರಿ ದಾದಿ
ಇದೆ ಅಜ್ಜ. ಒಂದು ಲೋಟ ಕಾಫಿಗೆ ಹಾಕುವ ಬೆಲ್ಲದಲ್ಲಿ ಎಷ್ಟು ಇರುತ್ತದೆ ಹೇಳಿ? ನೀವು ಕುಡಿಯಿರಿ, ಬೇಡ ಅನ್ನುವುದಿಲ್ಲ. ಮೊಮ್ಮಗನಿಗೆ ಕೊಡಬೇಡಿ.

ಏಲಕ್ಕಿ ಅಜ್ಜ
ಅವನೇ ನನ್ನ ಲೋಟದಿಂದ ಕದ್ದು ಕುಡಿಯುತ್ತಾನೆ.

ಸಂಪಾಜೆ ಭಾವ
ನಾನ್‌ಸ್ಟಿಕ್ ಬಗ್ಗೆ: ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಇಟ್ಟು ಆಚೆ ಹೋಗಬೇಡಿ. ಸುಮಾರು 260 ಡಿಗ್ರಿ ದಾಟಿದರೆ ಆ ಲೇಪ ಹಾಳಾಗಿ ಹೊಗೆ ಬಿಡಲು ಶುರು ಮಾಡುತ್ತದೆ. ಖಾಲಿ ಬಾಣಲೆ ಅಷ್ಟು ಬಿಸಿಯಾಗಲು ಕೆಲವೇ ನಿಮಿಷ ಸಾಕು. ಮರದ ಸಟ್ಟುಗ ಬಳಸಿ. ಲೇಪ ಎದ್ದಿದ್ದರೆ ಎಸೆಯಿರಿ, ಮಮತೆ ಬೇಡ.

ಗೋಣಿಕೊಪ್ಪದವಳು
ಕಬ್ಬಿಣದ್ದಕ್ಕೆ ನಮ್ಮ ಮಳೆಗಾಲವೇ ಶತ್ರು. ರಾತ್ರಿ ತೊಳೆದು ಇಟ್ಟರೆ ಬೆಳಿಗ್ಗೆ ಕೆಂಪು ತುಕ್ಕು. ನೀರು ಹಾಕಿ ನೆನೆಸಿಡಲೇಬೇಡಿ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಹನಿ ನೀರೂ ಇಲ್ಲದ ಹಾಗೆ ಬಿಸಿ ಮಾಡಿ. ಒಂದು ಹನಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ ಇಡಿ. ಚಪ್ಪಲಿ, ಬೆಲ್ಟ್, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುವ ಊರು ಇದು, ಬಾಣಲೆ ಬಿಡುತ್ತದಾ?

ಕಾಫಿಕಣ
ಹೊಸದು ಬೇಕಿದ್ದರೆ ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ನೋಡಿ. ಕೈಗೆ ಭಾರ ಅನಿಸುವುದನ್ನೇ ತಗೊಳ್ಳಿ. ತೆಳ್ಳಗಿನದರಲ್ಲಿ ಅನ್ನ ತಳ ಹಿಡಿಯುತ್ತದೆ.

ಊರುಬಿಟ್ಟವ
ಕಾಚಂಪುಳಿ ಅಂದಿರಲ್ಲ, ಇಲ್ಲಿ ಅಂಗಡಿಯಲ್ಲಿ ಸಿಗುವ ಪುನರ್ಪುಳಿ ರಸ ಅದೇ ತಾನೆ? ಕೆಂಪಗಿದೆ.

ಬೆಟ್ಟದ ಗಾಳಿ
ಅಲ್ಲವೇ ಅಲ್ಲ! ಪುನರ್ಪುಳಿ ಬೇರೆ ಮರ. ಕಾಚಂಪುಳಿ ಮಾಡುವುದು ಪಣಪುಳಿ ಹಣ್ಣಿನಿಂದ, ಘಟ್ಟದ ಆಚೆ ಈಚೆ ಉಪ್ಪಾಗೆ ಅನ್ನುತ್ತಾರಲ್ಲ ಅದು. ಮಳೆಗಾಲದಲ್ಲಿ ಉದುರಿದ ಹಣ್ಣು ಕೂಡಿಟ್ಟು, ಇಳಿಯುವ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಬೇಕು. ಬಾಟಲಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅರ್ಧ ಚಮಚ ಸಾಕು, ಪುನರ್ಪುಳಿ ಶರಬತ್ತಿನ ಹಾಗೆ ಸುರಿಯಬೇಡಿ. ಊರು ಬಿಟ್ಟರೂ ಇಷ್ಟು ಮರೆಯಬಾರದು.

ಊರುಬಿಟ್ಟವ
ಬೈಗುಳ ಒಪ್ಪಿಕೊಂಡೆ. ಒಂದು ಬಾಟಲಿ ಕಳಿಸಿ.

ತರಿ ಪಾಪುಟ್ಟು
ಯಾರೂ ತರಿ ಹೇಳಲಿಲ್ಲವಲ್ಲ, ಆಶ್ಚರ್ಯ! ಹಬೆಯಲ್ಲಿ ಬೇಯಿಸುವ ಪಾಪುಟ್ಟು, ಕಡಂಬುಟ್ಟಿಗೆ ಅಂತ ಪ್ರತಿ ಮನೆಯಲ್ಲೂ ಅಕ್ಕಿ ತರಿ ಇರುತ್ತದೆ. ನೆನೆಸುವ ಕೆಲಸ ಇಲ್ಲ, ಅರ್ಧ ಗಂಟೆಯೊಳಗೆ ಊಟ.

ಎರಡು ಲೋಟ ತರಿ ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಬಿಸಿ ಮಾಡಿ ತಟ್ಟೆಗೆ ಸುರಿಯಿರಿ. ಅದೇ ಬಾಣಲೆಗೆ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಈರುಳ್ಳಿ, ಶುಂಠಿ. ಸಣ್ಣಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್ (ಮಗಳಿಗೆ ಹಸಿರು ಬೇಡದಿದ್ದರೆ ಕ್ಯಾರೆಟ್ ಮಾತ್ರ). ಐದು ಲೋಟ ನೀರು, ಉಪ್ಪು, ಒಂದು ಹಿಡಿ ತೆಂಗಿನ ತುರಿ. ಕುದಿ ಬಂದ ಮೇಲೆ ತರಿಯನ್ನು ನಿಧಾನ ಸುರಿಯುತ್ತಾ ತಿರುವಿ, ಉರಿ ಸಣ್ಣ ಮಾಡಿ ಮುಚ್ಚಿ. ಹತ್ತು ಹನ್ನೆರಡು ನಿಮಿಷ. ಅತ್ತೆಗೆ ಮೆತ್ತಗೆ ಬೇಕಾದರೆ ಆರು ಲೋಟ ನೀರು. ಕೊನೆಗೆ ಮಧ್ಯೆ ಗುಂಡಿ ಮಾಡಿ ಮೊಟ್ಟೆ ಒಡೆದು ಹಾಕಿ ಮುಚ್ಚಿದರೆ ಹಬೆಯಲ್ಲೇ ಬೇಯುತ್ತದೆ. ಯಾರ ಗುಂಡಿ ಯಾರದು ಅಂತ ಮಕ್ಕಳೇ ಗುರುತು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಅದಕ್ಕೇ ಜಗಳ, ಆದರೆ ತಟ್ಟೆ ಖಾಲಿ ಆಗುತ್ತದೆ.

ದೊಡ್ಡವರ ಗುಂಡಿಗೆ ಒಳ್ಳೆಮೆಣಸು.

ಒಗ್ಗರಣೆ ರಾಣಿ
ಗುಂಡಿ ಉಪಾಯ ನನಗೆ ಹೊಸದು. ಹಳದಿ ಗಟ್ಟಿ ಆಗುತ್ತದಾ?

ತರಿ ಪಾಪುಟ್ಟು
ಮುಚ್ಚಳ ಸರಿಯಾಗಿ ಕೂತರೆ ಆರೇಳು ನಿಮಿಷದಲ್ಲಿ ಗಟ್ಟಿ. ಮಕ್ಕಳಿಗೆ ಪೂರ್ತಿ ಬೆಂದಿದ್ದೇ ಕೊಡಿ. ಮುಚ್ಚಳ ಇಲ್ಲದಿದ್ದರೆ ಸ್ಟೀಲ್ ತಟ್ಟೆ ಮಗುಚಿ ಮೇಲೆ ಕುಟ್ಟಾಣಿ ಇಡಿ.

ಹಸಿರು ತಟ್ಟೆ
ಮೊಟ್ಟೆ ಬದಲು ಆ ಗುಂಡಿಗೆ ಪನೀರ್ ಹಾಕಬಹುದು.

ಸಂಪಾಜೆ ಭಾವ
2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಕಡಿದಾಗ ನೆಂಟರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇದ್ದೆವು. ಅಂಗಡಿ ಇಲ್ಲ, ಕರೆಂಟ್ ಇಲ್ಲ, ಉಳಿದ ಗ್ಯಾಸ್ ಎಷ್ಟು ದಿನಕ್ಕೆ ಅಂತ ಗೊತ್ತಿಲ್ಲ. ಆಗ ತಿಂದಿದ್ದು ಇದೇ ತರಿ ಉಪ್ಪಿಟ್ಟು, ದೊಡ್ಡ ಬಾಣಲೆಯಲ್ಲಿ. ಮಕ್ಕಳು ಯಾರೂ "ಇದು ಬೇಡ" ಅನ್ನಲಿಲ್ಲ. ಎಲ್ಲ ಮಕ್ಕಳು ಒಂದು ಸಾಲಿನಲ್ಲಿ ಕೂತರೆ ಒಂದನ್ನು ನೋಡಿ ಇನ್ನೊಂದು ತಿನ್ನುತ್ತದೆ. ಟಿವಿ, ಫೋನ್ ಇಲ್ಲದಿದ್ದದ್ದೂ ಕಾರಣ ಇರಬಹುದು.

ಏಲಕ್ಕಿ ಅಜ್ಜ
ಇದನ್ನೇ ನಾನು ಮೊದಲಿಂದ ಹೇಳಿದ್ದು. ಒಟ್ಟಿಗೆ ಕೂರಿಸಿ.

ಬೆಟ್ಟದ ಗಾಳಿ
ಅಜ್ಜ, ನೀವು ಮೊದಲು ಹೇಳಿದ್ದು ಖಾರದ ವಿಷಯ.

ಏಲಕ್ಕಿ ಅಜ್ಜ
ಎರಡೂ.

ಮಳೆಮನೆ
ಉಳಿದ ಅನ್ನದ ವಿಷಯ ಕೇಳಬೇಕಿತ್ತು. ಮಧ್ಯಾಹ್ನದ ಅನ್ನ ಇದ್ದರೆ ರಾತ್ರಿಗೆ ಮೊಟ್ಟೆ ಅನ್ನ ಮಾಡಬಹುದಾ? ಅತ್ತೆ ಹನ್ನೊಂದಕ್ಕೆ ಮಾಡಿಟ್ಟ ಅನ್ನ ಸಂಜೆವರೆಗೆ ಹೊರಗೇ ಇರುತ್ತದೆ. ಚಳಿಯಲ್ಲವಾ, ಕೆಡುವುದಿಲ್ಲ ಅನ್ನುತ್ತಾರೆ.

ಮಡಿಕೇರಿ ದಾದಿ
ಹಳಸಿದ ವಾಸನೆ ಬಂದಿಲ್ಲ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಅಕ್ಕಿಯಲ್ಲೇ ಇರುತ್ತದೆ, ಅದರ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಅದರಿಂದ ವಾಂತಿ ಶುರುವಾಗುತ್ತದೆ. ಮಾಡಿದ ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಇಡಿ, ರಾತ್ರಿ ಚೆನ್ನಾಗಿ ಬಿಸಿ ಮಾಡಿ. ಕರೆಂಟ್ ಇಡೀ ದಿನ ಇಲ್ಲದಿದ್ದರೆ ಆ ದಿನ ತರಿಯೇ ಮಾಡಿ.

ಒಣಮೀನು ಪ್ರಿಯ
ನೂಪುಟ್ಟಿಗೂ ಇದೇ ಮಾತು, ಅಕ್ಕಿಯೇ ಅಲ್ವಾ. ಅದಕ್ಕೇ ಫ್ರಿಜ್ ಅಂತ ಬರೆದೆ.

ಕಾಫಿಕಣ
ನಮ್ಮ ಕಡೆ ಕಾಫಿ ಕೊಯ್ಲಿನ ಹೊತ್ತಿಗೆ ಇನ್ನೂ ಕಷ್ಟ. ಮಳೆಗಾಲದಲ್ಲಾದರೂ ಮನೆಗೆ ಬೇಗ ಬರುತ್ತೇವೆ. ಜನವರಿಯಲ್ಲಿ ತೂಕ ಹಾಕಿ, ಲೆಕ್ಕ ಬರೆದು, ಕಣ ನೋಡಿ ಒಳಗೆ ಬರುವಾಗ ಎಂಟು. ಆಗ ನಮ್ಮಲ್ಲಿ ಒಟ್ಟಿ (ಅಕ್ಕಿ ರೊಟ್ಟಿ) ಮಧ್ಯಾಹ್ನವೇ ಸುಟ್ಟಿಟ್ಟು, ರಾತ್ರಿ ಬಾಣಲೆಯಲ್ಲಿ ಕೀಮಾ ಮಾತ್ರ. ಈರುಳ್ಳಿ, ಬಟಾಣಿ, ಕೀಮಾ, ಕೊತ್ತಂಬರಿ ಪುಡಿ. ಮಕ್ಕಳ ಪಾಲು ಎತ್ತಿಟ್ಟು ಆಮೇಲೆ ಕಾಚಂಪುಳಿ, ಮೆಣಸು. ಒಟ್ಟಿಯಲ್ಲಿ ಸುತ್ತಿ ಕೈಗೆ ಕೊಟ್ಟರೆ ತಟ್ಟೆಯೂ ಬೇಡ.

ಗೋಣಿಕೊಪ್ಪದವಳು
ತಟ್ಟೆಯೂ ಬೇಡ ಅನ್ನುವುದು ಮಳೆಮನೆ ಅಕ್ಕನಿಗೆ ಇಷ್ಟ ಆಗುತ್ತದೆ.

ಮಳೆಮನೆ
ಬಹಳ ಇಷ್ಟ ಆಯಿತು! ನಾಳೆ ತರಿ, ಮೊಟ್ಟೆ ಗುಂಡಿ. ಭಾನುವಾರ ಕೋಳಿ ಅನ್ನ. ಬಿಸ್ಕೆಟ್ ಡಬ್ಬಿ ಇವತ್ತೇ ಖಾಲಿ ಆಗಿದೆ, ತರುವುದಿಲ್ಲ. ಬಟಾಣಿ ಹಸಿರಲ್ವಾ ಅಂತ ಮಗಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಾಳೆ, ಓದಲು ಬರುತ್ತದೆ ಅನ್ನುವುದು ಮರೆತಿದ್ದೆ.

ಹಸಿರು ತಟ್ಟೆ
ಹಾಗಾದರೆ ಕುಂಬಳದ ಗುಟ್ಟೂ ಹೋಯಿತು.

ಊರುಬಿಟ್ಟವ
ಇಲ್ಲಿ ಅಕ್ಕಿ ರವೆ ಅಂತ ಪ್ಯಾಕೆಟ್ ಸಿಗುತ್ತದೆ, ತೀರಾ ನುಣುಪು. ಪಾಪುಟ್ಟು ಮಾಡಿದರೆ ಅಂಟಾಗುತ್ತದೆ. ಸರಿಯಾದ ತರಿ ಎಲ್ಲಿ ಸಿಗುತ್ತದೆ?

ತರಿ ಪಾಪುಟ್ಟು
ಮನೆಯಲ್ಲೇ ಮಾಡಿಕೊಳ್ಳಿ. ಅಕ್ಕಿ ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಒಣಗಿಸಿ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮನೆ ಓಡಿಸಿದರೆ ಹಿಟ್ಟಾಗುತ್ತದೆ. ಜರಡಿ ಹಿಡಿದು ಮೇಲೆ ಉಳಿದದ್ದು ತರಿ, ಕೆಳಗೆ ಬಿದ್ದ ಹಿಟ್ಟು ಒಟ್ಟಿ ಮಾಡಲು. ನಿಮಗೇನು, ಅಲ್ಲಿ ಮಿಕ್ಸಿಗೆ ಕರೆಂಟ್ ಇರುತ್ತದಲ್ಲ.